ಮೆಟ್ಟಿಲ ತಿರುವಿನಲ್ಲಿ ಕೂತವಳು

ಒಂದೂರಲ್ಲಿ ಒಂದು ಕಲ್ಲಿನ ಮೆಟ್ಟಿಲಿತ್ತಂತೆ, ಅದರ ತಿರುವಿನಲ್ಲಿ ಒಬ್ಬ ಹುಡುಗಿ ಒಂದೇ ಕಾಲಿಗೆ ಶೂ ಹಾಕಿಕೊಂಡು ವರ್ಷವಿಡೀ ಕೂತಿದ್ದಳಂತೆ — ಅಜ್ಜಿ ಇದ್ದಿದ್ದರೆ ಹೀಗೇ ಶುರು ಮಾಡುತ್ತಿದ್ದಳು, ನೆಲ ಒರೆಸಿದ ನಿಂಬೆ ವಾಸನೆ ಮೂಗಿಗೆ ಬಡಿದಾಗ ಪಾನಿಯಾಗೆ ಅನ್ನಿಸಿತು, ಹೋದ ವರ್ಷದ್ದೇ ವಾಸನೆ, ಅದೇ ಬಿಸಿನೆಸ್ ಕಾಲೇಜು, ಅದೇ ಬೆಂಚು, ಬೆಂಚಿನ ತುಂಬ ಅವಳ ಹಾಗೇ ಊರೂರ ಸಣ್ಣ ಕಾಲೇಜುಗಳಲ್ಲಿ ಎರಡು ವರ್ಷ ಓದಿ, ಮೂರನೇ ವರ್ಷಕ್ಕೆ ಇಲ್ಲಿ ಸೀಟು ಸಿಕ್ಕೀತೇ ಎಂದು ಬಂದವರು, ಎಲ್ಲರ ಮಡಿಲಲ್ಲೂ ಫೈಲು, ಅವಳ ಕೋಟಿನ ಜೇಬಿನಲ್ಲಿ ಮಾತ್ರ ಒಂದು ಹಸಿ ಮೊಟ್ಟೆ, ಒಡೆಯದಿರಲಿ ದೇವರೇ — ಇದೇ ಕೊನೇ ಸಲ, ಅವಳೂರು ಫ್ರೆಸ್ನೊದ ಕಾಲೇಜಿನ ಮೇಷ್ಟ್ರು ಹೇಳಿ ಕಳಿಸಿದ್ದರು, ಮೂರನೇ ಸಲ ಅವರು ಕರೆಯಲ್ಲಮ್ಮಾ, ಅಂಕದಲ್ಲಿ ನಿನ್ನ ಮೀರಿಸೋರಿಲ್ಲ, ಆದ್ರೆ ಅಲ್ಲಿ ಹೋಗಿ ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ಸೀಟು ಯಾರು ಕೊಡ್ತಾರೆ — ಕೂತದ್ದು ನಿಜ, ಹೋದ ವರ್ಷ ಸಂದರ್ಶನದಲ್ಲಿ ನಿಮ್ಮ ಬಗ್ಗೆ ಹೇಳಿ ಎಂದರು, ಅಷ್ಟೇ, ಎದ್ದು ಓಡಿ ಬಂದವಳು ಮೆಟ್ಟಿಲ ತಿರುವಿನಲ್ಲಿ ಜಾರಿದಳು, ಒಂದು ಶೂ ಕೆಳಗೆ ಉರುಳಿ ಹೋಯಿತು, ಅದನ್ನು ಹುಡುಕಿ ಹಾಕಿಕೊಂಡು ಮನೆಗೆ ಬಂದಳು, ಆದರೆ ಬಂದದ್ದು ಯಾರು? ಅನ್ನಕ್ಕೆ ರುಚಿಯಿಲ್ಲ, ನಿದ್ದೆಯಲ್ಲಿ ಒಂದು ಪಾದಕ್ಕೆ ಮಾತ್ರ ಚಳಿ, ಅಮ್ಮ ಮಜ್ಜಿಗೆಹುಲ್ಲಿನ ಕಂತೆ ಕಟ್ಟುತ್ತ ಗೊಣಗುತ್ತಾಳೆ, ಬಿಸಿನೆಸ್ಸಂತೆ ಬಿಸಿನೆಸ್ಸು, ಶನಿವಾರದ ಸಂತೇಲಿ ನಾನು ಮಾಡೋದು ಏನು ಭಜನೇನಾ? ಅಜ್ಜಿ ಗದರುತ್ತಾಳೆ, ಸುಮ್ನಿರೇ, ಹುಡುಗಿ ಮೈಯಲ್ಲಿ ಜೀವಾನೇ ಇಲ್ಲ. ಹೊಸಿಲಲ್ಲಿ ಅಕ್ಕಿ, ಮೊಟ್ಟೆ, ಊದುಬತ್ತಿ ಇಟ್ಟು, ಬಾಗಿಲು ತೆರೆದು, ಬೀದಿಯ ಕಡೆ ಮುಖ ಮಾಡಿ, ಮೈ ಬಿಟ್ಟು ಹೋದ ಜೀವವನ್ನು ಅಜ್ಜಿ ಹೆಸರು ಹಿಡಿದು ಕೂಗಿದಳು, ಜೀವ ಬಂದಿದ್ದರೆ ಮೊಟ್ಟೆ ನುಣ್ಣಗಿರಬೇಕು, ಬೇಯಿಸಿ ಸುಲಿದು ನೋಡಿದರೆ ಬರೀ ಗುಳಿ, ಬಂದಿಲ್ಲ ಕೂಸೇ, ಹೆದರಿದ ಜೀವ ಬಿದ್ದಲ್ಲೇ ಕೂತಿರುತ್ತೆ, ಇಲ್ಲಿಂದ ಕೂಗಿದ್ರೆ ಆ ಹೆದ್ದಾರಿ ದಾಟಿ ಬರುತ್ತಾ, ಚಳಿ ಕಳೀಲಿ, ನಾನೇ ಬಂದು ಕರೀತೀನಿ — ಚಳಿ ಕಳೆಯಲಿಲ್ಲ, ಅಜ್ಜಿಯೇ ಕಳೆದುಹೋದಳು, ಕೊನೆಗೆ ಆಸ್ಪತ್ರೆಯ ಮಂಚದಲ್ಲಿ ಕೈ ಹಿಡಿದು ಕೇಳಿದ್ದಳು, ನೀನೇ ಕರೀತೀಯಾ? ಕರೀತೀನಿ ಅಜ್ಜಿ. ಜೋರಾಗಿ ಕರೀಬೇಕು, ನಾಚ್ಕೋಬಾರ್ದು. ಇಲ್ಲ ಅಜ್ಜಿ.

ಏ ಪಾ, ಏನೇ ಮುಖ ಹಿಂಗೆ, ದೆವ್ವ ಕಂಡೋಳ ಥರ — ಪಕ್ಕದಲ್ಲಿ ಮರಿಸೋಲ್, ಅದೇ ಫ್ರೆಸ್ನೊ ಕಾಲೇಜಿನವಳು, ಇವಳ ಜೊತೆ ಬಸ್ಸಿನಲ್ಲಿ ಬಂದವಳು — ಈಗ ಆ ನೀಲಿ ಟೈ ಒಳಗೆ ಹೋದ, ಅವನಾದ ಮೇಲೆ ನೀನೇ ಕಣೇ, ಎಲ್ಲಿಗೆ ಎದ್ದೆ, ಏ ಹುಚ್ಚಿ! ಎಲ್ಲಿಗೆ, ಮೆಟ್ಟಿಲಿಗೆ, ತಿರುವಿಗೆ, ಅಲ್ಲಿದ್ದಾಳೆ, ಗೋಡೆಗೆ ಒರಗಿ, ಬರಿಗಾಲಿನ ಬೆರಳು ಮಡಿಚಿಕೊಂಡು, ಹತ್ತುವವರೆಲ್ಲ ಅವಳ ಮೈ ದಾಟಿಯೇ ಹೋಗುತ್ತಿದ್ದಾರೆ, ಇವಳು ಮಂಡಿಯೂರುತ್ತಾಳೆ, ಅಂಗೈಯಲ್ಲಿ ಮೊಟ್ಟೆ, ಅಜ್ಜಿಯ ಮಾತು ನಾಲಿಗೆಗೆ ಬರುತ್ತದೆ, ಪರರ ನಾಡಲ್ಲಿ ಕೂರಬೇಡ, ತಣ್ಣನೆ ಕಲ್ಲಲ್ಲಿ ಕೂರಬೇಡ, ಮನೆಗೆ ಬಾ, ಅನ್ನ ಬಿಸಿಯಿದೆ, ಅಜ್ಜಿ ಬಾಗಿಲಲ್ಲಿ ನಿಂತಿ — ನಿಂತಿಲ್ಲ. ಮನೆಗೆ ಕರೆದರೆ ಈ ಜೀವ ಹೆದ್ದಾರಿ ಹಿಡಿದು ಮನೆಗೇ ಹೋದೀತು, ಅಜ್ಜಿಯಿಲ್ಲದ ಬಾಗಿಲಲ್ಲಿ ನಿಂತೀತು, ಮೇಲಿನ ಕೋಣೆಯಲ್ಲಿ ನಾನು ಮತ್ತೆ ಖಾಲಿ ಕೊಡದಂತೆ ಕೂತೇನು, ಅದು ಬೇಡ ಎಂದರೆ ಅಜ್ಜಿಯ ಮಾತನ್ನೇ ತಿದ್ದಬೇಕು, ಸತ್ತವರ ಮಾತನ್ನು ತಿದ್ದುತ್ತಾರೆಯೇ? ಮೇಲೆ ಬಾಗಿಲು ತೆರೆಯಿತು, ಪಾನಿಯಾ ವಾಂಗ್ ಇದ್ದಾರಾ, ಮೇಡಂ ನೀವೇನಾ, ಬರ್ತೀರೋ ಇಲ್ವೋ — ಪಾನಿಯಾ! ಅವಳೂ ಕೂಗಿದಳು, ಮನೆಮಾತಾದ ಹ್ಮಾಂಗ್ ಭಾಷೆಯಲ್ಲಿ, ಜೋರಾಗಿ, ಫೈಲುಗಳೆಲ್ಲ ತಲೆಯೆತ್ತಿ ನೋಡಿದವು, ಯಾರೋ ಕಿಸಕ್ಕೆಂದರು, ಪಾನಿಯಾ, ಏಳು, ಹೆದರಬೇಡ, ಮನೆಗಲ್ಲ, ನಾನಿರೋ ಕಡೆ ಬಾ, ನಾನು ಎಲ್ಲಿ ಹೋಗ್ತೀನೋ ಅಲ್ಲಿಗೆ ಬಾ, ಬಾ ನನ್ನ ಬೆಳ್ಳಿ ಹೂವೇ, ಬಾ. ಕರೆದಾಯಿತು ಅಜ್ಜಿ. ಎದ್ದಳು, ಹತ್ತಿದಳು, ಹಿಂದಕ್ಕೆ ತಿರುಗಬಾರದು, ಕರೆದವರು ತಿರುಗಬಾರದು, ಅಂಗೈಯಲ್ಲಿ ಮೊಟ್ಟೆ ಯಾಕೆ ಹೀಗೆ ಬೆಚ್ಚಗಾಗುತ್ತಿದೆ, ಬನ್ನಿ ಕೂತ್ಕೊಳ್ಳಿ, ನಿಮ್ಮ ಬಗ್ಗೆ ಹೇಳಿ, ಬಾಯಿ ತೆರೆಯುತ್ತದೆ, ನಾನು, ಎಂದಳು, ನಾನು — ಬೆನ್ನ ಹಿಂದೆ, ಬಾಗಿಲಿನಿಂದ ಕುರ್ಚಿಯವರೆಗೆ, ಕಲ್ಲಿನ ಮೇಲೆ ಹೆಜ್ಜೆ ಸದ್ದು, ಒಂದು ಶೂ, ಒಂದು ಬರಿಗಾಲು, ಒಂದು ಶೂ, ಒಂದು ಬರಿಗಾಲು.