ಶುದ್ಧ ನೀರಲ್ಲಿ ಮಾತ್ರ

ಕೊಳಚೆ ನೀರನ್ನು ಶುದ್ಧಮಾಡಿ ನದಿಗೆ ಬಿಡುವ ಘಟಕದ ಬಗ್ಗೆ ಊರಲ್ಲಿ ಗುಸುಗುಸು ಎದ್ದಾಗ, ಪುರಸಭೆಯ ಅಧ್ಯಕ್ಷರು ಅವಳನ್ನು ಸಭೆಗೆ ಕರೆಸಿದರು. ಅವಳು ಮೀನುಗಳ ಮೇಲೆ ಸಂಶೋಧನೆ ಮಾಡುತ್ತಿದ್ದವಳು. ನಾವು ನುಂಗುವ ಮಾತ್ರೆ, ಬಳಸುವ ಸೋಪಿನ ಪುಡಿಯ ಅಂಶವೆಲ್ಲ ನೀರಲ್ಲಿ ಉಳಿದು, ಮೀನಿನ ಮೈಯೊಳಗೆ ಹೆಣ್ಣಿನ ಹಾರ್ಮೋನಿನ ಹಾಗೆ ಕೆಲಸ ಮಾಡುತ್ತದಂತೆ, ಹೌದೇ ಎಂದು ಜನ ಕೇಳಿದರು.

"ಹೌದು," ಎಂದಳು. "ಆದ್ರೆ ಮೀನಿನ ಲಿವರ್ ಸುಮ್ನೆ ಕೂತಿರಲ್ಲ. ಕಿವಿರಿಂದ ಒಳಗೆ ಬಂದಿದ್ದಕ್ಕೆ ಸಕ್ಕರೆಯಂಥ ಒಂದು ತುಣುಕು ಅಂಟಿಸಿ, ಪಿತ್ತರಸದ ಜೊತೆ ಆಚೆ ತಳ್ಳುತ್ತೆ. ನಮ್ಮ ತೊಟ್ಟೀಲಿ ನೋಡಿದೀವಿ, ವಾರದೊಳಗೆ ಮೈಯೆಲ್ಲ ಹಗುರ."

ತೊಟ್ಟಿಯಲ್ಲಿದ್ದವು ಬಲಿತ ಮೀನುಗಳು, ಶುದ್ಧ ನೀರಿಗೆ ಬಿಟ್ಟು ಅಳೆದದ್ದು ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅಧ್ಯಕ್ಷರು ಚಪ್ಪಾಳೆ ತಟ್ಟಿದರು. ಸಭೆ ನಿರಾಳವಾಗಿ ಉಸಿರು ಬಿಟ್ಟಿತು. ಮುಂದಿನ ಸಾಲಿನಲ್ಲಿ ಅವಳ ಸೋದರಮಾವ, ತಾನೇ ಭಾಷಣ ಮಾಡಿದವನಂತೆ ಎದೆಯುಬ್ಬಿಸಿ ಅತ್ತಿತ್ತ ನೋಡುತ್ತಿದ್ದ. ಆ ಮುಖ ಕಂಡು ಅವಳು ಮಾತು ನುಂಗಿಕೊಂಡು ಕೂತುಬಿಟ್ಟಳು.

ಮಾವ ಬಸ್ಸಿನ ಚಾಲಕನಾಗಿದ್ದವನು. ನಿವೃತ್ತನಾದ ಮೇಲೆ ಮನೆಯ ಹಿಂದೆ ಕೊಳ ತೋಡಿಸಿ, ನದಿಯಲ್ಲಿ ಅಪರೂಪವಾಗುತ್ತಿದ್ದ ಬೆಳ್ಳಿಬಣ್ಣದ ಮೀನನ್ನು ಸಾಕಿ ಹೆಚ್ಚಿಸುವ ಹುಚ್ಚು ಹಿಡಿಸಿಕೊಂಡಿದ್ದ. ಕೊಳಕ್ಕೆ ನದಿಯ ನೀರು ಬಿಡಲೋ ಬೇಡವೋ ಎಂದು ಹಿಂದೆಮುಂದೆ ನೋಡುತ್ತಿದ್ದವನು, ಸಭೆ ಮುಗಿಸಿ ಬಂದವನೇ ಕಾಲುವೆಯ ಬಾಗಿಲು ಎತ್ತಿದ. ಸಾಸಿವೆ ಗಾತ್ರದ ಮೊಟ್ಟೆಗಳು ಒಡೆದದ್ದು, ಮರಿಗಳು ಈಜಾಡಿದ್ದು, ಬೆಳೆದದ್ದು ಎಲ್ಲವೂ ಆ ನೀರಿನಲ್ಲೇ.

ಮೀನುಗಳು ಬಲಿತವು. ಹೆಣ್ಣುಗಳು ಮೊಟ್ಟೆಯಿಟ್ಟವು. ಮೊಟ್ಟೆಗಳೆಲ್ಲ ಬೆಳ್ಳಗೆ ಬೂಷ್ಟು ಹಿಡಿದವು. ಮಾವ ಫೋನು ಮಾಡಿದ.

"ಪುಟ್ಟೀ, ಗಂಡುಗಳಿಗೆ ಏನೋ ಸೋಮಾರಿತನ ಬಂದಿದೆ ಕಣೆ. ನಿವೃತ್ತಿ ನಾನು ತಗೊಂಡಿದ್ದು, ಅವಲ್ಲ. ಸ್ವಲ್ಪ ಬಂದು ಬುದ್ಧಿ ಹೇಳಿ ಹೋಗು."

ಅವಳು ಸೂಕ್ಷ್ಮದರ್ಶಕವನ್ನು ಕಾರಿನ ಹಿಂದಿನ ಸೀಟಿನಲ್ಲಿಟ್ಟುಕೊಂಡು ಹೋದಳು. ಅತ್ತೆ ಅಡುಗೆಮನೆಯ ಮೇಜನ್ನು ಒರೆಸಿ, ಹಳೆಯ ಪೇಪರು ಹಾಸಿಕೊಟ್ಟಳು. ಅವಳು ಗಂಡು ಮೀನೊಂದರ ಹೊಟ್ಟೆ ಸೀಳಿ, ಹಾಲುಬಣ್ಣದ ವೃಷಣದ ಚೂರೊಂದನ್ನು ಗಾಜಿನ ಮೇಲೆ ಒತ್ತಿ ನೋಡಿದಳು. ವೀರ್ಯದ ನಡುನಡುವೆ ದುಂಡಗೆ ಮೊಟ್ಟೆಗಳು ಕೂತಿದ್ದವು. ಇನ್ನೊಂದು ಮೀನು ಸೀಳಿದಳು. ಅದರಲ್ಲೂ ಅದೇ. ಮತ್ತೊಂದರಲ್ಲೂ ಅದೇ.

"ಏನಂತೆ?" ಎಂದ ಮಾವ.

"ಗಂಡಿನೊಳಗೆ ಮೊಟ್ಟೆ ಇದೆ ಮಾವ. ನದಿ ನೀರಿಂದ."

"ವಾರದಲ್ಲಿ ಆಚೆ ಹೋಗುತ್ತೆ ಅಂದಿದ್ಯಲ್ಲ?"

"ಶುದ್ಧ ನೀರಲ್ಲಿದ್ರೆ ಹೋಗುತ್ತೆ. ಇಲ್ಲಿ ಒಂದು ಕಡೆ ತಳ್ಳುತ್ತಾ ಇರುತ್ತೆ, ಇನ್ನೊಂದು ಕಡೆ ಕಿವಿರಲ್ಲಿ ಬರ್ತಾನೇ ಇರುತ್ತೆ. ತಳ್ಳಿದ್ದರಲ್ಲೂ ಸ್ವಲ್ಪ, ಕರುಳಲ್ಲಿ ಆ ತುಣುಕು ಕಳಚಿಕೊಂಡು ವಾಪಸ್ ರಕ್ತಕ್ಕೆ ಸೇರುತ್ತೆ. ಅದೂ ಅಲ್ದೆ, ಇವು ಆಗಿನ್ನೂ ಮರಿಗಳು. ಗಂಡೋ ಹೆಣ್ಣೋ ಅಂತ ಮೈ ತೀರ್ಮಾನ ಮಾಡೋ ಹೊತ್ತಲ್ಲಿ ಲಿವರಿಗೇ ಇನ್ನೂ ಶಕ್ತಿ ಬಂದಿರಲ್ಲ."

ಒಲೆಯ ಹತ್ತಿರ ನಿಂತಿದ್ದ ಅತ್ತೆ ತಿರುಗಿದಳು. "ಇದು ನಿನಗೆ ಈಗ ಗೊತ್ತಾಗಿದ್ದಾ, ಆವತ್ತೇ ಗೊತ್ತಿತ್ತಾ?"

ಈಗ ಗೊತ್ತಾದದ್ದು ಎಂದುಬಿಡಬಹುದಿತ್ತು. ಯಾರೂ ಕೆದಕುತ್ತಿರಲಿಲ್ಲ.

"ಆವತ್ತೇ ಗೊತ್ತಿತ್ತು ಅತ್ತೆ. ಎಲ್ರೂ ಖುಷಿಯಾಗಿದ್ರು, ಹೇಳೋಕೆ ಬಾಯಿ ಬರಲಿಲ್ಲ."

ಅತ್ತೆ ಮತ್ತೆ ಒಲೆಯ ಕಡೆ ತಿರುಗಿಕೊಂಡಳು. ಮಾವ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅಳಲಾದರೂ ಆಗುತ್ತಿತ್ತು. ಅವನು ಸೀಳಿದ ಮೀನುಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಹಿತ್ತಿಲಿಗೆ ಹೋದ. ಅಲ್ಲಿ ಗುದ್ದಲಿಯ ಸದ್ದಾಯಿತು. ತಿರುಗಿ ಬಂದವನು ಕೇಳಿದ್ದು ಇಷ್ಟೇ: "ಉಳಿದವನ್ನ ಶುದ್ಧ ನೀರಿಗೆ ಹಾಕಿದ್ರೆ ಸರಿಹೋಗುತ್ವಾ?"

"ರಕ್ತ ತಿಳಿಯಾಗುತ್ತೆ. ಒಳಗೆ ಕೂತ ಮೊಟ್ಟೆ ಹೋಗಲ್ಲ ಮಾವ."

ಮುಂದಿನ ಸಭೆಗೆ ಅವಳನ್ನು ಯಾರೂ ಕರೆದಿರಲಿಲ್ಲ. ತಾನಾಗಿಯೇ ಹೋದಳು. ಕೈಯೆತ್ತಿ, ಎದ್ದು ನಿಂತು, ಆವತ್ತು ಹೇಳಿದ್ದರಲ್ಲಿ ಅರ್ಧವನ್ನು ಬಿಟ್ಟಿದ್ದೆ ಎಂದು ಆ ಅರ್ಧವನ್ನೂ ಹೇಳಿದಳು. ಅಧ್ಯಕ್ಷರು ಮುಖ ಗಂಟಿಕ್ಕಿದರು. "ವಿಜ್ಞಾನಿಗಳೇ ಹೀಗೆ ಮಾತು ಬದಲಾಯಿಸಿದ್ರೆ ನಾವು ಯಾರನ್ನ ನಂಬೋದು?" ಎಂದರು. ಸಭೆಯಲ್ಲಿ ಯಾರೋ ನಕ್ಕರು. ಅಧ್ಯಕ್ಷರ ಮಾತು ಸರಿಯೇ ಎಂದು ಅವಳಿಗೂ ಅನಿಸಿತು. ಮುಂದಿನ ಸಾಲಿನಲ್ಲಿ ಮಾವ ಇರಲಿಲ್ಲ.

ಆದರೂ ಮಾತು ಹಬ್ಬಿತು. ಎಳೆದಾಡಿ, ಜಗಳವಾಡಿ, ಕೊನೆಗೂ ಘಟಕದಲ್ಲಿ ಆ ಅಂಶಗಳನ್ನು ಹೀರಿಕೊಳ್ಳುವ ಇದ್ದಿಲಿನ ಸೋಸುತೊಟ್ಟಿಯೊಂದು ಎದ್ದು ನಿಂತಿತು. ಅದಕ್ಕೂ ಎಷ್ಟೋ ಮೊದಲೇ ಮಾವ ಕಾಲುವೆಯ ಬಾಗಿಲು ಮುಚ್ಚಿಸಿ, ಗುಡ್ಡದ ಬುಡದ ಒರತೆಯಿಂದ ಪೈಪು ಎಳೆಸಿದ್ದ. ಹಳೆಯ ಮೀನುಗಳನ್ನು ಕೊಲ್ಲಲು ಮನಸ್ಸು ಬಾರದೆ ಒಂದು ಮೂಲೆಯ ಕೊಳದಲ್ಲಿ ಇಟ್ಟುಕೊಂಡು ದಿನಾ ತಿಂಡಿ ಹಾಕುತ್ತಿದ್ದ. ದೂರದ ಉಪನದಿಯಿಂದ ತಂದ ಹೊಸ ಮರಿಗಳು ಒರತೆಯ ನೀರಿನಲ್ಲಿ ಬೆಳೆದವು.

ಅವು ಬಲಿತಾಗ ಅವಳೇ ಬಂದು ನೋಡಿದಳು. ಒಂದಲ್ಲ, ಹಲವು ಗಂಡುಗಳನ್ನು ನೋಡಿದಳು. ಎಲ್ಲಿಯೂ ಮೊಟ್ಟೆಯಿಲ್ಲ. ಮಾವ ತಾನೂ ಕಣ್ಣು ಕಿರಿದು ಮಾಡಿ ಸೂಕ್ಷ್ಮದರ್ಶಕಕ್ಕೆ ಬಗ್ಗಿದ. ಏನು ಕಂಡಿತೋ, ಮುಖ ಅರಳಿತು.

"ಎಷ್ಟು ಚೆನ್ನಾಗಿವೆ! ಹಾಗಾದ್ರೆ ಆ ಹಳೇವೂ ಮೊದಲಿಂದ ಈ ನೀರಲ್ಲೇ ಇದ್ದಿದ್ರೆ..." ಎಂದವನು ಅಲ್ಲಿಗೇ ನಿಲ್ಲಿಸಿದ. ಅವಳ ಕಡೆ ನೋಡದೆ, "ಚಹಾ ಆರಿಹೋಗ್ತಿದೆ, ಕುಡಿ," ಎಂದು ಲೋಟವನ್ನು ಅವಳತ್ತ ಸರಿಸಿದ.

ಅವಳು ಲೋಟ ಎತ್ತಿಕೊಂಡಳು. ಅವನು ಆಡದೆ ಬಿಟ್ಟ ಮಾತು ಅವಳಿಗೆ ಪೂರ್ತಿ ಕೇಳಿಸಿತ್ತು. ಚಹಾ ಮುಗಿಸಿ, ಚಿಮ್ಮಟ, ಚಾಕು ತೊಳೆದಿಟ್ಟು, ಯಾರೂ ಹೇಳದಿದ್ದರೂ ಮೀನಿನ ತಿಂಡಿಯ ಡಬ್ಬಿ ಹಿಡಿದು ಮೂಲೆಯ ಕೊಳದ ಕಡೆ ನಡೆದಳು.