ಗುಲಾಬಿ ಬಣ್ಣದ ಹೊಟ್ಟೆ

ಆಸ್ಪತ್ರೆಯಿಂದ ಮನೆಗೆ ಬಂದ ಮಗಳನ್ನು ಮಂಚದ ಮೇಲೆ ಮಲಗಿಸಿದ್ದೇ ತಡ, ಅಮ್ಮ ಹೊದಿಕೆ ಎತ್ತಿ ಹೊಟ್ಟೆ ನೋಡಿದಳು. ಹೊಕ್ಕುಳಿನಲ್ಲಿ ಒಂದು, ಅದರ ಆಚೆ ಈಚೆ ಒಂದೊಂದು ಸಣ್ಣ ಪಟ್ಟಿ.

"ಇಷ್ಟೇನಾ?" ಎಂದಳು, ತೂಕದಲ್ಲಿ ಮೋಸ ಹೋದ ಗಿರಾಕಿಯ ಧ್ವನಿಯಲ್ಲಿ. "ನಿನ್ನ ಹೆತ್ತಾಗ ನಂಗೆ ಇದರಪ್ಪನಂಥ ಹೊಲಿಗೆ ಹಾಕಿದ್ರು."

"ಪಂದ್ಯ ಅಲ್ಲಮ್ಮ ಇದು."

"ನಾನೆಲ್ಲಿ ಪಂದ್ಯ ಅಂದೆ? ಸರಿ, ಗ್ಯಾಸ್ ಹೋಯ್ತಾ?"

ಅದೊಂದು ಪೀಡೆ. ಒಳಗೆ ಕ್ಯಾಮೆರಾ ತೂರಿಸಲು ಜಾಗವಾಗಲಿ ಎಂದು ಡಾಕ್ಟರು ಹೊಟ್ಟೆಗೆ ಗಾಳಿ ತುಂಬಿದ್ದರು. ಅದರಲ್ಲಿ ಒಂದಿಷ್ಟು ಒಳಗೇ ಉಳಿದು ಭುಜದವರೆಗೂ ಏರಿ ಚುಚ್ಚುತ್ತಿತ್ತು. ಸಾಲದ್ದಕ್ಕೆ ಕರುಳು ಬೇರೆ ಮುಷ್ಕರ ಹೂಡಿತ್ತು. ಈಗ ಇಡೀ ಮನೆ ಅವಳ ಹಿಂಬದಿಗೆ ಕಿವಿಗೊಟ್ಟು ಕೂತಿತ್ತು. ಪಕ್ಕದ ಮನೆಯಾಕೆ ಕೂಡ ಹಣ್ಣು ಕೊಡುವ ನೆಪದಲ್ಲಿ ಆಸ್ಪತ್ರೆಗೇ ಬಂದು ಅದನ್ನೇ ಕೇಳಿಕೊಂಡು ಹೋಗಿದ್ದಳು.

ಆದರೆ ಅವಳಿಗೆ ಬೇಕಾಗಿದ್ದದ್ದು ಬೇರೆ. ಅಮ್ಮನ ಬಾಯಿಂದ ಒಂದು ಮಾತು: ಹೌದು ಕಣೇ, ನಿನ್ನ ನೋವು ನಿಜ.

ದೊಡ್ಡವಳಾದಾಗಿನಿಂದ ತಿಂಗಳು ತಿಂಗಳೂ ಅವಳು ಬಚ್ಚಲ ನೆಲದ ಮೇಲೆ ಮುದುಡಿಕೊಂಡು ಬಿದ್ದಿರುತ್ತಿದ್ದಳು. ಅಮ್ಮ ಬಾಗಿಲಲ್ಲಿ ನಿಂತು, "ಎಲ್ಲ ಹೆಂಗಸರಿಗೂ ಬರತ್ತೆ. ನಾವೇನು ಸತ್ತೋದ್ವಾ? ಏಳು, ನಾಟಕ ಸಾಕು," ಎನ್ನುತ್ತಿದ್ದಳು. ಮುಟ್ಟು ತಪ್ಪಿದರೂ ಈ ಮಾತು ತಪ್ಪುತ್ತಿರಲಿಲ್ಲ. ಅದನ್ನು ಎಷ್ಟು ಸಲ ಕೇಳಿದ್ದಳೆಂದರೆ, ನೋವು ಬಂದಾಗಲೆಲ್ಲ ಅವಳಿಗೇ ಅನುಮಾನ ಬರುತ್ತಿತ್ತು: ನಾನು ನಿಜಕ್ಕೂ ನಾಟಕ ಆಡುತ್ತಿದ್ದೇನಾ? ಆಡುತ್ತಿದ್ದರೆ ಇಷ್ಟು ಚೆನ್ನಾಗಿ ಆಡಲು ಕಲಿತದ್ದಾದರೂ ಎಲ್ಲಿ?

ಕಡೆಗೆ ಡಾಕ್ಟರು ಆ ಕಾಯಿಲೆಗೆ ಎಂಡೊಮೆಟ್ರಿಯೋಸಿಸ್ ಎಂಬ ಹೆಸರು ಕೊಟ್ಟರು. ಗರ್ಭಕೋಶದ ಒಳಗೆ ಇರಬೇಕಾದ ಪದರದಂಥದ್ದು ಹೊರಗೆಲ್ಲ ಹಬ್ಬಿ, ಕರುಳು, ಅಂಡಾಶಯ, ಸಿಕ್ಕಿದ್ದನ್ನೆಲ್ಲ ಒಂದಕ್ಕೊಂದು ಅಂಟಿಸಿಬಿಟ್ಟಿತ್ತಂತೆ. ಆಪರೇಷನ್ ಮುಗಿದ ಮೇಲೆ, "ಒಳಗೆಲ್ಲ ಕಪ್ಪು ಕಪ್ಪು ಕಲೆ. ಇಷ್ಟು ವರ್ಷ ಹೇಗಮ್ಮ ತಡ್ಕೊಂಡ್ರಿ?" ಎಂದು ಕೇಳಿ, ಒಳಗಿನ ವಿಡಿಯೋ ತುಂಬಿದ ಪೆನ್‌ಡ್ರೈವ್ ಕೈಗಿಟ್ಟರು. ನಮ್ಮಲ್ಲಿ ಇನ್ನೊಂದು ಪ್ರತಿ ಇರಲ್ಲ, ಜೋಪಾನ ಎಂದೂ ಹೇಳಿದರು. ಅರೆಬರೆ ಎಚ್ಚರದಲ್ಲಿದ್ದ ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದು ಗೊಳೋ ಎಂದು ಅತ್ತಳು. ನರ್ಸಮ್ಮ ನೋವಿಗೆ ಇನ್ನೊಂದು ಇಂಜೆಕ್ಷನ್ ಚುಚ್ಚಿದಳು. ಅದು ಖುಷಿಯ ಅಳು ಎಂದು ಆಕೆಗೆ ಹೇಗೆ ಗೊತ್ತಾಗಬೇಕು?

ಊಟವಾದ ಮೇಲೆ ಅಮ್ಮನನ್ನು ಟಿವಿ ಮುಂದೆ ಕೂರಿಸಲಾಯಿತು. ಮಗಳು ಸೋಫಾದಲ್ಲಿ ಒರಗಿಕೊಂಡು ಹೊಟ್ಟೆಗೆ ದಿಂಬು ಅವುಚಿಕೊಂಡಳು. ಕೆಮ್ಮಿದರೆ, ಸೀನಿದರೆ, ಮುಖ್ಯವಾಗಿ ನಕ್ಕರೆ ಹೊಲಿಗೆ ಎಳೆಯುತ್ತಿತ್ತು. ಅದಕ್ಕೆ ಆ ದಿಂಬು.

"ಹಾಕ್ರೀ," ಎಂದಳು ಗಂಡನಿಗೆ.

ಗಂಡ ಹೆಂಡತಿ ಇಬ್ಬರದೂ ಮದುವೆ ವಿಡಿಯೋ ಕಸುಬು. ಅವನು ಕ್ಯಾಮೆರಾ ಹಿಡಿಯುತ್ತಿದ್ದ, ಅವಳು ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಟ್ಟೆಗೆ ಬಿಸಿನೀರಿನ ಚೀಲ ಒತ್ತಿಕೊಂಡು ಎಡಿಟಿಂಗ್ ಮಾಡುತ್ತಿದ್ದಳು.

ಪರದೆಯ ಮೇಲೆ ಎರಡು ಹೃದಯಗಳು ಹಾರಿ ಬಂದು ಮುತ್ತಿಕ್ಕಿದವು. ಗಂಟೆ ಮೊಳಗಿತು. ಪಿಟೀಲು ಶುರುವಾಯಿತು. ಉದುರುತ್ತಿದ್ದ ಹೂವಿನ ಎಸಳುಗಳ ನಡುವೆ ಅವಳ ಗರ್ಭಕೋಶ ಮೆಲ್ಲಗೆ ಮೂಡಿ ಬಂತು.

"ಏನ್ರೀ ಇದು?"

"ನೀನು ಆಸ್ಪತ್ರೇಲಿದ್ದಾಗ ಸ್ವಲ್ಪ ಎಡಿಟ್ ಮಾಡ್ದೆ ಕಣೇ," ಎಂದ ಗಂಡ ನಾಚಿಕೊಂಡು. "ಎರಡು ಗಂಟೆ ಇತ್ತು. ಕಚ್ಚಾ ವಿಡಿಯೋ ಯಾರಿಗೂ ತೋರಿಸ್ಬಾರ್ದು ಅಂತ ನೀನೇ ಅಲ್ವಾ ಅಂಗಡೀಲಿ ಬಾಯಿ ಬಡ್ಕೊಳ್ಳೋದು? ರಕ್ತ ನೋಡಿ ಅತ್ತೆ ತಲೆ ತಿರುಗಿ ಬಿದ್ರೆ ಅಂತ... ನಂಗೆಲ್ಲಿ ಎಡಿಟಿಂಗ್ ಬರತ್ತೆ? ನೀನು ಮಾಡಿಟ್ಟಿದ್ಯಲ್ಲ, ಮದುಮಗಳ ಸೆಟ್ಟಿಂಗು, ಆ ಬಟನ್ ಒತ್ತಿದೆ ಅಷ್ಟೆ."

ಮದುಮಗಳ ಸೆಟ್ಟಿಂಗು! ಅವಳೇ ಕೂತು ಕೂತು ತಿದ್ದಿ ತೀಡಿದ್ದು. ಮೊಡವೆ, ಕಣ್ಣಿನ ಸುತ್ತಲ ಕಪ್ಪು, ಹುಟ್ಟು ಮಚ್ಚೆ, ಏನಿದ್ದರೂ ಒರೆಸಿ ಹಾಕಿ ಚರ್ಮಕ್ಕೆ ಗುಲಾಬಿ ಬಣ್ಣ ಬಳಿಯುವುದೇ ಅದರ ಕೆಲಸ. ಕಪ್ಪು ಕಂಡರೆ ಅದಕ್ಕಾಗದು.

ಪರದೆಯ ಮೇಲೆ ಒಂದೇ ಒಂದು ಕಲೆ ಇರಲಿಲ್ಲ. ಕರುಳು ತಳತಳ ಹೊಳೆಯುತ್ತಿತ್ತು. ಅಂಡಾಶಯವನ್ನು ಹೆಣ್ಣು ನೋಡಲು ಬಂದವರ ಮುಂದೆ ಕೂರಿಸಬಹುದಿತ್ತು.

"ಎಷ್ಟು ಚೆನ್ನಾಗಿದೆಯೇ!" ಎಂದಳು ಅಮ್ಮ ಮನಸ್ಸು ತುಂಬಿ. "ಏನೂ ಇಲ್ವಲ್ಲ! ಇದಕ್ಯಾಕೆ ಆಪರೇಷನ್ ಮಾಡಿಸ್ಕೊಂಡೆ?"

"ಮೊದಲಿಂದು ಹಾಕ್ರೀ. ಪೆನ್‌ಡ್ರೈವ್‌ನಲ್ಲಿ ಇರೋದು."

ಗಂಡ ಕಿವಿ ಕೆರೆದುಕೊಂಡ. "ಅದನ್ನ ಖಾಲಿ ಮಾಡಿದೆ. ಎಡಿಟ್ ಆದ್ಮೇಲೆ ಖಾಲಿ ಮಾಡೋದು ಅಭ್ಯಾಸ ಅಲ್ವಾ. ನಾಳೆ ಮದುವೆ ಮನೆಯವರಿಗೆ ಫೋಟೋ ಹಾಕಿ ಕೊಡೋಕೆ ಬೇಕಿತ್ತು."

ಬೈಯಲು ಬಾಯಿ ತೆರೆದಳು. ಹೊಲಿಗೆ ಜಗ್ಗಿತು. ಬಾಯಿ ಮುಚ್ಚಿಕೊಂಡಳು. ಜೀವಮಾನದಲ್ಲಿ ಒಮ್ಮೆ ಸಿಕ್ಕ ಸಾಕ್ಷಿಯನ್ನು ತನ್ನದೇ ಬಟನ್ ನುಂಗಿ ನೀರು ಕುಡಿದಿತ್ತು. ಇನ್ನು ಅಮ್ಮ ಸಾಯುವವರೆಗೂ ಈ ಗುಲಾಬಿ ಹೊಟ್ಟೆಯ ಕಥೆ ಹೇಳಿಕೊಂಡು ತಿರುಗುತ್ತಾಳೆ. ಟಿವಿ ಕಡೆ ನೋಡದೆ ದಿಂಬಿನ ಹೊಲಿಗೆ ನೋಡುತ್ತ ಕೂತಳು.

ಪಿಟೀಲು ಕುಯ್ಯುತ್ತಲೇ ಇತ್ತು. ಆಮೇಲೆ ಅಮ್ಮ ಕುರ್ಚಿಯನ್ನು ಟಿವಿ ಹತ್ತಿರಕ್ಕೆ ಎಳೆದುಕೊಂಡ ಸದ್ದಾಯಿತು.

"ಅಳಿಯಂದ್ರೇ, ಇದ್ಯಾಕೆ ಬಿಡ್ತಿಲ್ಲ?"

ಅವಳು ತಲೆಯೆತ್ತಿದಳು. ಪರದೆಯ ಮೇಲೆ ಸಣ್ಣ ಇಕ್ಕಳವೊಂದು ಕರುಳನ್ನು ಹಿಡಿದು ಜಗ್ಗುತ್ತಿತ್ತು. ಕರುಳು ಪಕ್ಕದ ಗೋಡೆಗೆ ಕಚ್ಚಿಕೊಂಡಿತ್ತು. ಇಕ್ಕಳ ಬಿಟ್ಟಿತು, ಮತ್ತೆ ಹಿಡಿಯಿತು, ಮತ್ತೆ ಜಗ್ಗಿತು. ಒಳಗಿನದೆಲ್ಲ ಒಟ್ಟಿಗೆ ಎದ್ದು ಬಂತೇ ಹೊರತು ಬಿಡಿಸಿಕೊಳ್ಳಲಿಲ್ಲ. ಬಟನ್ನಿಗೆ ಬಣ್ಣ ಬಳಿಯಲು ಬರುತ್ತಿತ್ತು, ಅಂಟು ಬಿಡಿಸಲು ಬರುತ್ತಿರಲಿಲ್ಲ.

"ಎಡಗಡೆ ಅಲ್ವಾ ಇದು?" ಎಂದಳು ಅಮ್ಮ. ಅವಳ ಕೈ ತಾನಾಗಿಯೇ ತನ್ನ ಎಡ ಕಿಬ್ಬೊಟ್ಟೆಯ ಮೇಲೆ ಹೋಗಿತ್ತು. "ಕೂತೋಳು ಏಳೋವಾಗ ಒಳಗಿಂದ ಯಾರೋ ಕೊಕ್ಕೆ ಹಾಕಿ ಜಗ್ಗಿದ ಹಾಗೆ. ಆಮೇಲೆ ತೊಡೆಗೆ ಇಳಿಯತ್ತೆ."

ಮಗಳು ಈ ಮಾತನ್ನು ಅಮ್ಮನ ಹತ್ತಿರ ಯಾವತ್ತೂ ಆಡಿರಲಿಲ್ಲ. ಡಾಕ್ಟರ ಹತ್ತಿರ ಮಾತ್ರ ಆಡಿದ್ದಳು. ಹೆಚ್ಚು ಕಡಿಮೆ ಇದೇ ಮಾತು.

"ನಿಂಗೆ ಹೇಗಮ್ಮ ಗೊತ್ತು?"

"ಹೇಗೆ ಅಂದ್ರೆ? ಎಲ್ಲರಿಗೂ ಹಾಗೇ ಅಲ್ವೇನೇ?"

"ಎಲ್ಲರಿಗೂ ಹಾಗಲ್ಲಮ್ಮ."

ಅಮ್ಮ ತಿರುಗಿ ನೋಡಿದಳು. ಮೊಣಕಾಲ ಮೇಲಿನ ಅವಳ ಇನ್ನೊಂದು ಕೈ ಸುಮ್ಮನೆ ಬಟ್ಟೆ ಹಿಂಡುತ್ತಿತ್ತು. "ನಾನು ಎಲ್ಲರಿಗೂ ಅಂತ್ಲೇ ಅಂದ್ಕೊಂಡಿದ್ದೆ ಕಣೇ," ಎಂದಳು. "ನಮ್ಮಮ್ಮನೂ ಹಾಗೇ ಅಂದಿದ್ಲು."

ನಡುವೆ ಗಂಡ ಬಾಯಿ ಹಾಕಿದ. "ನಂಗಂತೂ ಯಾವತ್ತೂ ಹಾಗಾಗಿಲ್ಲ, ಅತ್ತೆ."

ಅಮ್ಮನ ಮುಖ ನೋಡಿ ಮಗಳಿಗೆ ನಗು ಉಕ್ಕಿಬಂತು. ದಿಂಬು ಅವುಚಿದಳು. ಪ್ರಯೋಜನವಾಗಲಿಲ್ಲ. "ಅಯ್ಯೋ, ನಗಿಸ್ಬೇಡ್ರೀ, ಸಾಯ್ತೀನಿ," ಎನ್ನುತ್ತ ಮಗ್ಗುಲಾದಳು. ಆ ಭರಕ್ಕೆ, ಪಿಟೀಲನ್ನೂ ಮೀರಿಸಿ, ಇಡೀ ಮನೆ ಕಾದು ಕೂತಿದ್ದ ಸದ್ದು ಹೊರಬಿತ್ತು.

"ಹೋಯ್ತಾ?" ಎಂದಳು ಅಮ್ಮ.

"ಹೋಯ್ತಮ್ಮ."

"ಸದ್ಯ." ಅಮ್ಮ ಎದ್ದು ಬಂದು ಸೋಫಾದಲ್ಲಿ ಮಗಳ ಪಕ್ಕ ಕೂತಳು. ಕೂರುವಾಗ ಎಡ ಮಗ್ಗುಲನ್ನು ಒಂದಿಷ್ಟು ಸೊಟ್ಟಗೆ ಮಾಡಿದಳು. ಅವಳು ಯಾವಾಗಲೂ ಕೂರುತ್ತಿದ್ದದ್ದೇ ಹಾಗೆ. ಮಗಳು ಅದನ್ನು ಇವತ್ತು ನೋಡಿದಳು. ನೋಡಿ, ದಿಂಬಿನ ಅರ್ಧವನ್ನು ಅಮ್ಮನ ಹೊಟ್ಟೆಯ ಕಡೆಗೆ ಸರಿಸಿದಳು.

ಅಮ್ಮ ದಿಂಬು ಒತ್ತಿಕೊಂಡಳು.

"ಅಳಿಯಂದ್ರೇ, ಇನ್ನೊಂದ್ಸಲ ಹಾಕಿ. ಆ ಹೂವು ಗೀವು ಬೇಡ. ಜಗ್ಗೋ ಜಾಗದಿಂದ ಹಾಕಿ."