ದೀಗಲಾ ಪುಸ್ತಕದ ವಂದನಾರ್ಪಣೆ

ಶಾಲು ಜಾರುತ್ತಿದೆ, ಪವನ ಮಾತಿನ ನಡುವೆ ಎಳೆದೆಳೆದು ಹೆಗಲಿಗೇರಿಸಿಕೊಳ್ಳುತ್ತಿದ್ದಾನೆ, ಜಾರಲಿ, ಅದು ತನಗೆ ಹೊದಿಸಬೇಕಾಗಿದ್ದ ಶಾಲು — ವೇದಿಕೆಯ ತುದಿಯ ಕುರ್ಚಿಯಲ್ಲಿ ದೀಪಶ್ರೀ ಹಲ್ಲು ಕಚ್ಚುತ್ತಾಳೆ. ದೀಗಲಾ ಎಂದರೆ ಸೇಡು, ಅನ್ನುತ್ತಿದ್ದಾನೆ, ಐರಿಶ್, ವೆಲ್ಶ್ ಭಾಷೆಗಳಿಗೆ ಮೂಲವಾದ ಹಳೆಯ ಕೆಲ್ಟಿಕ್ಕಿನ ಶಬ್ದ, ಬರೆದಿಟ್ಟದ್ದು ಎಲ್ಲಿಯೂ ಸಿಕ್ಕಿಲ್ಲ, ಹಳೆಯ ಐರಿಶಿನ ದೀಗಲ್, ವೆಲ್ಶಿನ ದಿಯಲ್ ಎರಡನ್ನೂ ಜೋಡಿಸಿ ನೋಡಿ ಹೀಗಿದ್ದೀತೆಂದು ಕಟ್ಟಿಕೊಂಡದ್ದು, ಅದಕ್ಕೇ ಶಬ್ದದ ಮುಂದೊಂದು ನಕ್ಷತ್ರ ಚಿಹ್ನೆ — ಅವಳದೇ ವಾಕ್ಯ, ಅವಳದೇ ಪುಸ್ತಕ, ಮುಖಪುಟದ ಮೇಲೆ ಮಾತ್ರ ಅವನ ಹೆಸರು. ಹಸ್ತಪ್ರತಿ ಕೊಟ್ಟಿರು ದೀಪಾ, ಒಮ್ಮಿ ಓದಿ ಕೊಡತೀನಿ, ಅಂದಿದ್ದ, ನರಗುಂದದ ಅವನ ಮನೆಯ ಪಡಸಾಲೆಯಲ್ಲಿ, ಅವನ ತಾಯಿ ಇಂದಿರಾಬಾಯಿ ಅವಲಕ್ಕಿ ತಂದಿಟ್ಟು, ತಿನ್ನವಾ, ಬರೇ ಓದಿ ಓದಿ ಸೊರಗೀದಿ ಅನ್ನುತ್ತಿದ್ದರು, ಇವತ್ತು ಆ ತಾಯಿ ಗಜೇಂದ್ರಗಡದ ಈ ಸಭಾಭವನದ ಮೊದಲ ಸಾಲಿನಲ್ಲಿ, ಕಿವಿಯ ಹಿಂದೆ ಅಂಗೈ ಒಡ್ಡಿ, ಮಗನ ಒಂದೊಂದು ಮಾತನ್ನೂ ಹಿಡಿದುಕೊಳ್ಳುತ್ತ. ಸ್ತ್ರೀಲಿಂಗದ ಶಬ್ದ, ಅನ್ನುತ್ತಾನೆ ಪವನ, ಅವಳತ್ತ ಕಣ್ಣು ಹಾಯಿಸದೆ, ದೀ ಅಂದರೆ ಆಚೆಗೆ, ಗಲಾ ಅಂದರೆ ಆವೇಶ, ಜನ ಚಪ್ಪಾಳೆ ತಟ್ಟುತ್ತಾರೆ, ತಟ್ಟಲಿ, ಇನ್ನು ಸ್ವಲ್ಪ ಹೊತ್ತು, ಆಮೇಲೆ ಮೈಕು ಅವಳದು. ವಂದನಾರ್ಪಣೆ ನೀವ ಮಾಡ್ರಿ ಮೇಡಂ, ಅಂತ ಸಮಾರಂಭ ನಡೆಸುವ ಕಾಲೇಜಿನ ಪ್ರಾಂಶುಪಾಲರು ಫೋನು ಮಾಡಿದಾಗ ಆತ್ರಿ ಸರ್ ಅಂದು ಒಳಗೊಳಗೇ ನಕ್ಕಿದ್ದಳು, ರೋಣದಿಂದ ಬಸ್ಸಿನ ದಾರಿಯುದ್ದಕ್ಕೂ ಒಂದೇ ವಾಕ್ಯ ಮಸೆದಿದ್ದಳು — ವಂದನಾರ್ಪಣೆಯನ್ನು ಯಾರು ತಡೆಯುತ್ತಾರೆ, ಶಾಲು ಹೊದ್ದವನು ಕೂತಲ್ಲೇ ಕೇಳಬೇಕು, ಬೆವರಬೇಕು, ಮುಖ ಎಲ್ಲಿಡಬೇಕೆಂದು ತಿಳಿಯಬಾರದು. ಹೆಸರು ಕರೆದರು, ಎದ್ದಳು, ಎದುರಿಗೆ ಸಭೆಯೂ ಎದ್ದಿತು — ಉಪ್ಪಿಟ್ಟು ಆರತೈತಿ, ಬರ್ರಿ ಬರ್ರಿ, ಹೊರಗಿನಿಂದ ಕೂಗು, ಛೇ, ಇದು ಹೇಗೆ ಹೊಳೆಯಲಿಲ್ಲ, ವಂದನಾರ್ಪಣೆಯನ್ನು ಕೂತು ಕೇಳಿದವರು ಯಾರಾದರೂ ಉಂಟೇ, ತಾನೇ ಎಷ್ಟು ಸಲ ಎದ್ದು ಹೋಗಿಲ್ಲ, ಪವನನನ್ನು ಫೋಟೊ ತೆಗೆಸಲು ಎಳೆದುಕೊಂಡು ಹೋದರು, ಮೈಕಿನ ಬಾಷಾಸಾಬ, ಲಗೂ ಮುಗಸ್ರಿ ಅಕ್ಕಾರ ಅನ್ನುತ್ತ ವಾಯರು ಸುತ್ತುತ್ತಿದ್ದಾನೆ, ಮೈಕು ಬಂದ್ ಆಗಿದೆ, ಆಗಲಿ, ನುಂಗಿಕೊಂಡದ್ದು ಸಾಕು — ಈ ಪುಸ್ತಕ ನಾ ಬರದದ್ದು, ಪವನ ಕದ್ದಾನ, ಅಂದೇಬಿಟ್ಟಳು. ಖಾಲಿ ಕುರ್ಚಿಗಳು, ಮೊದಲ ಸಾಲಿನಲ್ಲಿ ಒಬ್ಬರೇ ಇಂದಿರಾಬಾಯಿ, ಮಗನ ಹೆಸರಷ್ಟೇ ಕಿವಿಗೆ ಬಿದ್ದು ಮುಖ ಅರಳಿದೆ, ಏನಂದಿ ದೀಪಾ, ನಮ್ಮ ಪವನ ಏನ ಮಾಡ್ಯಾನ, ಇನ್ನೊಮ್ಮಿ ಜೋರಾಗಿ ಹೇಳವಾ — ಹೇಳು, ಇದಕ್ಕೇ ಅಲ್ಲವೇ ಬಂದದ್ದು, ಹೇಳಿಬಿಡು, ಜೋರಾಗಿ — ಕಿವಿಯ ಹಿಂದೆ ಒಡ್ಡಿದ ಅಂಗೈ, ಇನ್ನೂ ಕಾಯುತ್ತಿರುವ, ಆ ಅಂಗೈ.